ಛತ್ರಿ ಕೊಟ್ಟ ಹುಡುಗನನ್ನು ನಂಬದವಳು

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿದು ಮುಗಿದ ಶರ್ಟುಗಳೆಲ್ಲ ಕೊನೆಗೆ ಬಂದು ಬೀಳುತ್ತಿದ್ದುದು ಆಕೆಯ ಟೇಬಲ್ಲಿಗೆ. ಕಾಲರ್ ಹಿಡಿದು ಕೊಡವಿ, ಒಳಮೈ ಹೊರಗೆ ಮಾಡಿ, ಕಂಕುಳ ಹೊಲಿಗೆಯನ್ನು ಎರಡೂ ಕಡೆ ಜಗ್ಗಿ, ಒಂದೊಂದು ಗುಂಡಿಯನ್ನೂ ಹೆಬ್ಬೆರಳಲ್ಲಿ ತಿರುಚಿ ನೋಡುತ್ತಿದ್ದಳು. ದಾರ ಬಿಟ್ಟಿತೋ, ಹೊಲಿಗೆ ಸೊಟ್ಟಗಾಯಿತೋ, ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಲ್ಲಿ ಟಪ್ಪೆಂದು ಕೂರುತ್ತಿತ್ತು. ಅದಕ್ಕೇ ಹೊಲಿಗೆ ಮೆಷಿನ್ನುಗಳ ಲೈನಿನ ಹೆಂಗಸರು ಆಕೆಗೆ ಸ್ಟಿಕ್ಕರಕ್ಕ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗೆ ಕರೆಯುತ್ತಿದ್ದರು, ಆಕೆಯೂ ಓಗೊಡುತ್ತಿದ್ದಳು.

"ಎಲ್ಲಾ ಚೆನ್ನಾಗಿದೆ ಅಕ್ಕಾ ಅಂತ ನಗ್ತಾ ಕೊಡ್ತಾರಲ್ಲ, ಆ ಬಟ್ಟೇಲೇ ಕಣ್ರೇ ತೂತಿರೋದು" ಅನ್ನುತ್ತಿದ್ದಳು.

ಫ್ಯಾಕ್ಟರಿಯಲ್ಲಿ ಇದಕ್ಕೆ ಸಂಬಳ ಕೊಡುತ್ತಾರೆ, ಸರಿ. ಆದರೆ ಗೇಟು ದಾಟಿದ ಮೇಲಾದರೂ ಆ ಕಣ್ಣಿಗೆ ಒಂದಿಷ್ಟು ಬಿಡುವು ಕೊಡಬೇಕೋ ಬೇಡವೋ? ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ. ತರಕಾರಿಯವಳು ಕೊಸರು ಹಾಕಿದರೆ ತಕ್ಕಡಿಯಲ್ಲೇ ಏನೋ ಮೋಸವಿದೆ. ಗಂಡ ಹೋದ ಮೇಲೆ ಒಬ್ಬಳೇ ಮಗನನ್ನು ಸಾಕಿದವಳು, ಎಷ್ಟೋ ಜನ ಮೋಸ ಮಾಡಿದ್ದೂ ಉಂಟು, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಮೋಸ ಮಾಡದವರಿಗೂ ಆಕೆಯ ಲೆಕ್ಕದಲ್ಲಿ ರಿಯಾಯಿತಿ ಇರಲಿಲ್ಲ. ಸೊಸೆ ಅಕ್ಕಿ ತೊಳೆದಿಟ್ಟರೆ ಹೋಗಿ ಬೆರಳಾಡಿಸುವುದು, ಬಾಗಿಲ ಚಿಲಕ ಹಾಕಿದರೆ ಎದ್ದು ಹೋಗಿ ಮತ್ತೊಮ್ಮೆ ಎಳೆಯುವುದು. ಎರಡೇ ಕೋಣೆಯ ಮನೆಯಲ್ಲಿ ಎಳೆದ ಸದ್ದು ಎಲ್ಲರಿಗೂ ಕೇಳಿಸುತ್ತದೆ. ವ್ಯಾನ್ ಓಡಿಸುವ ಮಗ ಮಾತ್ರ ಕೇಳಿಸದವನಂತೆ ಮಗ್ಗುಲು ಬದಲಿಸುತ್ತಿದ್ದ.

ಆ ಸೊಸೆ ಅದೇ ಫ್ಯಾಕ್ಟರಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು.

"ಅತ್ತೆ, ಸೂಪರ್‌ವೈಸರ್ ಪೋಸ್ಟು ಬರ್ತಿದೆ. ನಿಮ್ಮಷ್ಟು ಸರ್ವಿಸ್ ಆದೋರು ಯಾರೂ ಇಲ್ಲ. ಹೈಸ್ಕೂಲ್ ಪಾಸಾಗಿರ್ಬೇಕು, ಅಷ್ಟೇ."

ಆ "ಅಷ್ಟೇ"ಯಲ್ಲೇ ಇದ್ದದ್ದು ತೊಡಕು. ಹುಡುಗಿಯಾಗಿದ್ದಾಗ ಸ್ಟಿಕ್ಕರಕ್ಕ ಕೊನೆಯ ಪರೀಕ್ಷೆ ಬರೆದಿದ್ದಳು. ಉಳಿದದ್ದೆಲ್ಲ ಪಾಸು, ಇಂಗ್ಲಿಷಿನಲ್ಲಿ ಡುಮ್ಕಿ. ಆಮೇಲೆ ಮದುವೆ, ಮಗು, ಫ್ಯಾಕ್ಟರಿ.

"ಇಂಗ್ಲಿಷ್ ಒಂದೇ ತಾನೇ? ಕಟ್ಟಿ ಬರೀರಿ. ಪ್ಯಾಸೇಜ್ ಓದಿ ಉತ್ತರ ಬರೆಯೋದ್ರಲ್ಲೇ ಅರ್ಧ ಮಾರ್ಕ್ಸ್ ಸಿಗುತ್ತೆ. ನಾನು ಹೇಳ್ಕೊಡ್ತೀನಿ" ಎಂದಳು ಸೊಸೆ.

ಸ್ಟಿಕ್ಕರಕ್ಕನ ಕಿವಿ ನೆಟ್ಟಗಾಯಿತು. ಇವಳು ಯಾಕೆ ಹೇಳಿಕೊಡುತ್ತಾಳೆ? ಇವಳಿಗೇನು ಸಿಗುತ್ತದೆ? ಫೇಲಾದರೆ ಫೋನಿನಲ್ಲಿ ತವರಿಗೆ ಹೇಳಿಕೊಂಡು ನಗುವುದಕ್ಕಿರಬೇಕು. ಬೇಡ ಅನ್ನಲು ನಾಲಗೆ ತುದಿಗೆ ಬಂದಿತ್ತು. ಆದರೆ ಆಸೆ ಎಂಬುದೊಂದಿದೆಯಲ್ಲ! ಮೊನ್ನೆ ಮೊನ್ನೆ ಸೇರಿದ ಹುಡುಗಿಯರು ಕೊರಳಲ್ಲಿ ಕಾರ್ಡು ನೇತಾಡಿಸಿಕೊಂಡು ಬಂದು "ಏನಕ್ಕಾ, ಇನ್ನೂ ಮುಗೀಲಿಲ್ವಾ?" ಎಂದು ಕೇಳುವಾಗ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. ಸೂಪರ್‌ವೈಸರಿಗೆ ಕುರ್ಚಿ ಇರುತ್ತದೆ. ನಿಂತು ನಿಂತು ಪಾದ ಊದಿಸಿಕೊಂಡವಳಿಗೆ ಆ ಕುರ್ಚಿ ಬೇಕಿತ್ತು. ಬೇಕೇ ಬೇಕಿತ್ತು.

ಹಾಗೆ ಅಡುಗೆಮನೆಯ ನೆಲದಲ್ಲಿ ಪಾಠ ಶುರುವಾಯಿತು. ಕುಕ್ಕರು ಕೂಗುವುದರೊಳಗೆ ಒಂದು ಪ್ಯಾಸೇಜು.

"ಮೊದಲೇ ಪೂರ್ತಿ ಓದೋಕೆ ಹೋಗ್ಬೇಡಿ ಅತ್ತೆ. ಕೆಳಗಿರೋ ಪ್ರಶ್ನೆ ಓದಿ. ಆಮೇಲೆ ಮೇಲೆ ಹೋಗಿ ಉತ್ತರ ಹುಡುಕಿ."

"ಉತ್ತರ ಮೇಲಿರುತ್ತಾ?"

"ಅಲ್ಲೇ ಇರುತ್ತೆ."

"ಪ್ರಶ್ನೆಪತ್ರಿಕೆಯಲ್ಲೇ?"

"ಹೂಂ ಅತ್ತೆ."

"ಯಾರ ಕಿವಿಮೇಲೆ ಹೂ ಇಡ್ತೀಯೇ? ಉತ್ತರಾನೂ ಅವರೇ ಅಚ್ಚು ಹಾಕಿ ಕೊಟ್ಟು, ಮತ್ತೆ ನಮ್ಮನ್ನ ಕೇಳ್ತಾರಾ? ಅವರಿಗೇನು ಬೇರೆ ಕೆಲಸ ಇಲ್ವಾ?"

ಸೊಸೆಯ ಮಾತು ನಂಬದೆ ಮರುದಿನ ಬೀದಿ ಕೊನೆಯ ಟ್ಯೂಷನ್ ಮೇಷ್ಟ್ರ ಮನೆಗೆ ಹೋಗಿ ವಿಚಾರಿಸಿದಳು. ಮೇಷ್ಟ್ರು ನಕ್ಕು, "ಹೌದಮ್ಮ, ಉತ್ತರ ಅದರಲ್ಲೇ ಇರುತ್ತೆ, ನೋಡಿ ಬರೆದರಾಯ್ತು" ಎಂದರು. ಅದೇ ಮಾತು, ಅದೇ ನಗು. ಓಹೋ, ಇವರನ್ನೂ ಒಳಗೆ ಹಾಕಿಕೊಂಡಿದ್ದಾಳೆ ಎಂದುಕೊಂಡು ಸ್ಟಿಕ್ಕರಕ್ಕ ಮನೆಗೆ ಬಂದಳು.

ಆದರೂ ಕಲಿತಳು. ಮನೆಯಲ್ಲಿ ಇಂಗ್ಲಿಷ್ ಬರುವವಳು ಸೊಸೆಯೊಬ್ಬಳೇ ತಾನೇ? ಅಕ್ಷರಕ್ಕೆ ಬೆರಳಿಟ್ಟು ಓದುತ್ತಾ ಓದುತ್ತಾ ಸಾಲುಗಳು ನಿಧಾನಕ್ಕೆ ಬಾಯಿಬಿಟ್ಟವು. ತಾಪತ್ರಯ ಶುರುವಾದದ್ದು ಅರ್ಥವಾಗತೊಡಗಿದ ಮೇಲೆ.

ಒಂದು ಪ್ಯಾಸೇಜಿನಲ್ಲಿ ಜೋರು ಮಳೆ. ಒಬ್ಬ ಹುಡುಗ ತನ್ನ ಛತ್ರಿಯನ್ನು ಗುರುತು ಪರಿಚಯವಿಲ್ಲದ ಮುದುಕಿಗೆ ಕೊಟ್ಟು ತಾನು ನೆನೆಯುತ್ತಾ ಹೋದ. ಅವನು ದಯಾವಂತ ಎಂದು ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹುಡುಗ ಛತ್ರಿ ಯಾಕೆ ಕೊಟ್ಟ ಎನ್ನುವುದು ಪ್ರಶ್ನೆ. ಸ್ಟಿಕ್ಕರಕ್ಕ ಬಹಳ ಹೊತ್ತು ಪೆನ್ನು ಕಚ್ಚಿ, ಒಡಕು ಇಂಗ್ಲಿಷಿನಲ್ಲಿ "ಛತ್ರಿ ತೂತು ಬಿದ್ದಿತ್ತು" ಎಂದು ಬರೆದಳು.

"ಅತ್ತೆ! ತೂತು ಎಲ್ಲಿಂದ ಬಂತು?"

"ಮತ್ತೆ? ಸುಮ್ಮಸುಮ್ಮನೆ ಯಾರಾದ್ರೂ ಕೊಡ್ತಾರಾ?"

"ಅವನು ಒಳ್ಳೆಯವನು ಅಂತ ಬರೆದಿದೆಯಲ್ಲ, ನೋಡಿ."

"ಬರೆದೋರು ಯಾರು? ಅವನ ಕಡೆಯೋರೇ ಇರ್ಬೇಕು."

ಆಚೆ ಕೋಣೆಯಿಂದ ಮಗ, "ಅಮ್ಮಾ, ಆ ಹುಡುಗನ ಮೇಲೊಂದು ಕೇಸ್ ಹಾಕಿಬಿಡು" ಎಂದು ಕೂಗಿದ. ಮುಂದಿನ ಪ್ಯಾಸೇಜಿನಲ್ಲಿ ಅಂಗಡಿಯವನೊಬ್ಬ ಗಿರಾಕಿ ಮರೆತುಹೋದ ಚೀಲವನ್ನು ಮನೆತನಕ ಹೋಗಿ ತಲುಪಿಸಿದ. ಒಳಗಿದ್ದದ್ದು ತೆಗೆದುಕೊಂಡ ಮೇಲೆ, ಎಂದು ಸ್ಟಿಕ್ಕರಕ್ಕ ಸೇರಿಸಿದಳು. ಅದಕ್ಕೂ ಸೊನ್ನೆ.

ಸೊಸೆ ಮೊದಮೊದಲು ನಗುತ್ತಿದ್ದಳು. ಒಂದು ದಿನ ಪೆನ್ನು ಕೆಳಗೆ ಕುಕ್ಕಿದಳು.

"ನಿಮ್ಮನ್ನ ಯಾರೂ ಕೇಳಿಲ್ಲ ಅತ್ತೆ! ನಿಮಗೇನು ಅನ್ಸುತ್ತೆ ಅಂತ ಯಾರೂ ಕೇಳಿಲ್ಲ. ಅದ್ರಲ್ಲೇನಿದೆ ಅಂತ ಕೇಳಿದಾರೆ. ಇರೋದನ್ನ ಇರೋ ಹಾಗೆ ಒಪ್ಪಿಕೊಂಡು ಬರೀರಿ. ಒಂದೇ ಒಂದು ಸಲ!"

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿಕೊಂಡಿತು. ಎರಡು ಮಾರ್ಕಿನ ಪ್ರಶ್ನೆಗೆ ಇವಳೇಕೆ ಅಳಬೇಕು? ಸ್ಟಿಕ್ಕರಕ್ಕ ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಪರೀಕ್ಷೆ ಇನ್ನೇನು ಹತ್ತಿರ ಬಂತು ಅನ್ನುವಾಗ, ಊಟದ ಬಿಡುವಿನಲ್ಲಿ ಕಾಜಾ ಮೆಷಿನ್ನಿನ ಗೆಳತಿ ಪಕ್ಕದಲ್ಲಿ ಬಂದು ಕೂತಳು. ಶರ್ಟಿನ ಗುಂಡಿಗೆ ತೂತು ಹೊಲಿಯುವ ಕೆಲಸ ಅವಳದು, ಮಾತೂ ಆ ಮೆಷಿನ್ನಿನ ಹಾಗೇ ನಿಲ್ಲದೆ ಬರುತ್ತಿತ್ತು.

"ಅಂತೂ ನಮ್ಮನ್ನೆಲ್ಲ ಬಿಟ್ಟು ಹೋಗ್ತೀಯ ಅನ್ನು."

"ಎಲ್ಲಿಗೆ?"

"ಅಯ್ಯೋ, ನಿನ್ನ ಸೊಸೆ ಹೇಳಿಲ್ವಾ? ಪೋಸ್ಟು ಇರೋದು ಹೊಸ ಯೂನಿಟ್ಟಲ್ಲಿ ಕಣೇ. ಬಸ್ಸಲ್ಲಿ ಅರ್ಧ ದಿನದ ದಾರಿ. ಇರೋಕೆ ರೂಮೂ ಅಲ್ಲೇ ಕೊಡ್ತಾರಂತೆ. ಆಫೀಸಿನೋರಿಗೆಲ್ಲ ಮೊದಲಿಂದ್ಲೂ ಗೊತ್ತು."

ಸ್ಟಿಕ್ಕರಕ್ಕ ಅರ್ಧ ಉಂಡ ಡಬ್ಬಿಯ ಮುಚ್ಚಳ ಹಾಕಿದಳು. ಫೇಲಾಗಲಿ ಅಂತ ಕಾಯುತ್ತಿದ್ದಾಳೆ ಎಂದುಕೊಂಡರೆ, ಇವಳು ಪಾಸು ಮಾಡಿಸಿ ಊರು ಬಿಡಿಸಲು ಕೂತಿದ್ದಾಳೆ! ಆ ಬೆಣ್ಣೆ ಮಾತು, ಆ ತಾಳ್ಮೆ, ಆ ಕಣ್ಣೀರು, ಎಲ್ಲವೂ ಇದಕ್ಕೇ. ಆ ಮಧ್ಯಾಹ್ನ ಗುಂಡಿಯೇ ಇಲ್ಲದ ಶರ್ಟೊಂದು ಆಕೆಯ ಕೈ ದಾಟಿ ಪ್ಯಾಕಿಂಗಿಗೆ ಹೋಯಿತು. ಇಡೀ ಲೈನು ಬಾಯಿ ಬಿಟ್ಟುಕೊಂಡು ನೋಡಿತು.

ಮನೆಗೆ ಬಂದು ರಂಪ ಮಾಡಿದಳೇ? ಇಲ್ಲ. ಬಾಯಿಗೆ ಬೀಗ ಹಾಕಿಕೊಂಡಳು. ತಲೆನೋವು ಎಂದು ಪಾಠ ಬಿಟ್ಟಳು. ಸೊಸೆ ಹಣೆ ಮುಟ್ಟಿ ನೋಡಲು ಬಂದರೆ ತಲೆ ಹಿಂದಕ್ಕೆ ತೆಗೆದುಕೊಂಡಳು. ಒಳಗೊಳಗೇ ಕುದಿಯುತ್ತಾ, ಪಾಸಾದರೆ ಇವಳು ಗೆದ್ದಂತೆ, ಫೇಲಾದರೆ ನಾನು ಸೋತಂತೆ ಎಂದು ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕಿದಳು. ಲೆಕ್ಕ ತಾಳೆಯಾಗಲಿಲ್ಲ.

ಪರೀಕ್ಷೆಯ ದಿನ ಆಕೆ ಕೋಣೆಗೆ ಕಾಲಿಟ್ಟೊಡನೆ ಮಕ್ಕಳೆಲ್ಲ ಧಡಕ್ಕನೆ ಎದ್ದು ನಿಂತು "ಗುಡ್ ಮಾರ್ನಿಂಗ್ ಮಿಸ್" ಎಂದವು. "ಕೂತ್ಕೊಳ್ರೋ, ನಾನೂ ನಿಮ್ಮ ಥರಾನೇ ಬರೆಯೋಕೆ ಬಂದೋಳು" ಎಂದು ಆಕೆ ಮೂಲೆಯ ಬೆಂಚಿನಲ್ಲಿ ಮೊಣಕಾಲು ತುರುಕಿಕೊಂಡಳು. ಕಿಸಕ್ಕೆಂದು ನಕ್ಕ ಹುಡುಗಿಯೊಬ್ಬಳನ್ನು ದುರುಗುಟ್ಟಿ ನೋಡಿದ್ದೂ ಆಯಿತು. ಪ್ರಶ್ನೆಪತ್ರಿಕೆ ಬಂತು.

ಪ್ಯಾಸೇಜಿನಲ್ಲಿ ಒಬ್ಬ ಡಾಕ್ಟರಿದ್ದ. ಬಡ ಮುದುಕಿಯೊಬ್ಬಳ ಮನೆಗೆ ನಡೆದುಕೊಂಡು ಹೋಗಿ, ಔಷಧಿ ಕೊಟ್ಟು, ಫೀಸು ಬೇಡವೆಂದು ಬಂದಿದ್ದ. ಆಕೆಗೆ ಪೂರ್ತಿ ಅರ್ಥವಾಯಿತು. ಪ್ರಶ್ನೆಯೂ ಅರ್ಥವಾಯಿತು. ಡಾಕ್ಟರ್ ಫೀಸು ಯಾಕೆ ತೆಗೆದುಕೊಳ್ಳಲಿಲ್ಲ?

ಕೈ ತುರಿಸತೊಡಗಿತು. ಡೇಟು ಮುಗಿದ ಔಷಧಿ ಇರಬೇಕು! ಇಲ್ಲವೇ ಮುದುಕಿಯ ಜಾಗದ ಮೇಲೆ ಕಣ್ಣಿರಬೇಕು! ಪೆನ್ನು ಕಾಗದಕ್ಕೆ ತಾಗಿಯೇಬಿಟ್ಟಿತ್ತು. ಹಾಗೇ ಬರೆದು ಸೊನ್ನೆ ತೆಗೆದುಕೊಂಡು ಹೋದರೆ ಸೊಸೆಯ ಮುಖ ಹೇಗೆ ಹುಳ್ಳಗಾದೀತು ಎಂಬ ಆಸೆಯೂ ಒಂದು ಗಳಿಗೆ ಸುಳಿಯಿತು. ಅಷ್ಟರಲ್ಲಿ "ಅದ್ರಲ್ಲೇನಿದೆ ಅಂತ ಕೇಳಿದಾರೆ" ಎಂಬ ಅವಳ ದನಿ ಕಿವಿಯಲ್ಲಿ ಕೇಳಿಸಿತು.

ಸ್ಟಿಕ್ಕರಕ್ಕ ಪೆನ್ನು ಎತ್ತಿಕೊಂಡು ಯೋಚಿಸಿದಳು. ನನ್ನನ್ನು ಮನೆಯಿಂದ ಸಾಗಹಾಕಬೇಕು ಅಂತಿರುವವಳು ತಪ್ಪು ಹೇಳಿಕೊಡುತ್ತಾಳೆಯೇ? ನಾನು ಪಾಸಾಗುವುದು ನನಗಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದೆ. ಅಂದಮೇಲೆ ಅವಳು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಾರದು. ತಲೆಯಿಂದ ಕಾಲಿನವರೆಗೆ ಹುಡುಕಿದರೂ ಈ ತರ್ಕದಲ್ಲಿ ಸ್ಟಿಕ್ಕರ್ ಹಚ್ಚಲು ಜಾಗ ಸಿಗಲಿಲ್ಲ. ಹಲ್ಲು ಕಚ್ಚಿಕೊಂಡು, ಡಾಕ್ಟರ್ ದಯಾವಂತ, ಅದಕ್ಕೇ ಫೀಸು ತೆಗೆದುಕೊಳ್ಳಲಿಲ್ಲ ಎಂದು ಬರೆದಳು. ಸೊಟ್ಟ ಹೊಲಿಗೆಯ ಶರ್ಟನ್ನು ಕಣ್ಣಾರೆ ನೋಡಿಯೂ ಪಾಸು ಮಾಡಿದಷ್ಟು ಸಂಕಟವಾಯಿತು. ಉಳಿದದ್ದನ್ನೂ ಹಾಗೇ, ಇದ್ದದ್ದು ಇದ್ದ ಹಾಗೆ ಬರೆದು ಎದ್ದು ಬಂದಳು.

ಪಾಸಾದಳು. ಫಲಿತಾಂಶವನ್ನು ಫೋನಿನಲ್ಲಿ ಮೊದಲು ಕಂಡವಳು ಸೊಸೆ. ಕಿರುಚಿಕೊಂಡು ಓಡಿಬಂದು ಒದ್ದೆ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಸ್ಟಿಕ್ಕರಕ್ಕ ನೆಟ್ಟಗೆ ನಿಂತೇ ಇದ್ದಳು.

"ಇಷ್ಟೊಂದು ಖುಷಿ ಯಾಕೆ? ನಾನು ತೊಲಗ್ತೀನಿ ಅಂತ ತಾನೇ?"

ಸೊಸೆಯ ಕೈ ಸಡಿಲವಾಯಿತು. ಅಯ್ಯೋ ಅತ್ತೆ, ಹಾಗೆಲ್ಲ ಏನಿಲ್ಲ, ನಿಮ್ಮನ್ನ ಬಿಟ್ಟಿರ್ತೀವಾ ಎಂದೆಲ್ಲ ಹೇಳುತ್ತಾಳೆ, ಹೇಳಿದೊಡನೆ ಹಿಡಿದುಹಾಕಬೇಕು ಎಂದು ಸ್ಟಿಕ್ಕರಕ್ಕ ಸಜ್ಜಾಗಿದ್ದಳು.

"ಹೌದು ಅತ್ತೆ" ಎಂದಳು ಸೊಸೆ.

ಆಚೆ ಕೋಣೆಯಲ್ಲಿ ಮಗ ಎದ್ದು ಕೂತ.

"ಈ ಮನೆಗೆ ಬಂದಾಗಿಂದ ನಾನು ಮಾಡಿದ ಒಂದು ಕೆಲಸಾನಾದ್ರೂ ಸರಿ ಇದೆ ಅಂತ ಬಿಟ್ಟಿದೀರಾ? ಅನ್ನ ಬಡಿಸಿದ್ರೆ ಮೂಸಿ ನೋಡ್ತೀರಿ. ಫೋನಲ್ಲಿ ಅಮ್ಮನ ಜೊತೆ ಮಾತಾಡಿದ್ರೆ ಬಾಗಿಲ ಹತ್ರ ಬಂದು ನಿಲ್ತೀರಿ. ಉಸಿರು ಕಟ್ಟುತ್ತೆ ಅತ್ತೆ ನಂಗೆ. ನಿಮಗೆ ಕುರ್ಚಿ ಮೇಲೆ ಎಷ್ಟು ಆಸೆ ಅಂತಾನೂ ಗೊತ್ತಿತ್ತು. ಸಿಗಲಿ, ನೀವೂ ಖುಷಿಯಾಗಿರಿ, ನಾನೂ ಇರ್ತೀನಿ ಅಂದ್ಕೊಂಡೆ. ಊರಿನ ವಿಷಯ ಮುಚ್ಚಿಟ್ಟಿದ್ದು ತಪ್ಪು. ಹೇಳಿದ್ರೆ ನೀವು ಪುಸ್ತಕಾನೇ ಮುಟ್ತಿರಲಿಲ್ಲ."

ಸ್ಟಿಕ್ಕರಕ್ಕ ಅವಳ ಮುಖವನ್ನೇ ನೋಡಿದಳು. ಎಷ್ಟು ಹುಡುಕಿದರೂ ಅದರಲ್ಲಿ ಸುಳ್ಳು ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಷ್ಟೊಂದು ಕಷ್ಟ ಕೊಟ್ಟೆನೇನೇ?"

"ಹೂಂ."

ಆಕೆ ಹೋಗಿ ಕುಕ್ಕರಿನ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸೊಸೆಯೂ ಬಂದು ಪಕ್ಕದಲ್ಲಿ ಕೂತಳು.

ಸೂಪರ್‌ವೈಸರ್ ಪೋಸ್ಟು ಸಿಕ್ಕಿತು, ಆಕೆಯೂ ಬೇಡವೆನ್ನಲಿಲ್ಲ. ಹೊಸ ಯೂನಿಟ್ಟಿಗೆ ಹೊರಡುವ ಬೆಳಿಗ್ಗೆ, ಬಟ್ಟೆಬರೆ, ಪಾತ್ರೆಗಳನ್ನೆಲ್ಲ ಸೊಸೆಯೇ ಬ್ಯಾಗಿಗೆ ತುಂಬಿ ಜಿಪ್ಪು ಎಳೆದಿದ್ದಳು. ಮಗ ಹೊರಗೆ ವ್ಯಾನ್ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದ. ಸ್ಟಿಕ್ಕರಕ್ಕ ಬ್ಯಾಗಿನ ಮುಂದೆ ಬಗ್ಗಿದಳು, ಕೈ ತಾನಾಗಿಯೇ ಜಿಪ್ಪಿಗೆ ಹೋಯಿತು. ಬಾಗಿಲಿಗೊರಗಿ ನಿಂತ ಸೊಸೆ ನೋಡುತ್ತಿದ್ದಳು.

"ಎಲ್ಲಾ ಇಟ್ಟಿದೀಯಾ?"

"ಇಟ್ಟಿದೀನಿ ಅತ್ತೆ."

ಸ್ಟಿಕ್ಕರಕ್ಕ ಜಿಪ್ಪು ಬಿಟ್ಟು ಹಿಡಿಕೆ ಹಿಡಿದಳು. "ಸರಿ ಹಾಗಾದ್ರೆ" ಎಂದು ಬ್ಯಾಗನ್ನೆತ್ತಿ ಹೆಗಲಿಗೆ ಹಾಕಿಕೊಂಡಳು.

ವ್ಯಾನು ತಿರುವು ದಾಟಿತು. ಬಸ್ಸು ಹತ್ತಿದ್ದೂ ಆಯಿತು. ಅರ್ಧ ದಿನದ ದಾರಿಯುದ್ದಕ್ಕೂ ಬ್ಯಾಗು ತೊಡೆಯ ಮೇಲಿತ್ತು. ಆಕೆ ಎರಡೂ ಕೈಯನ್ನು ಅದರ ಮೇಲೆ ಒತ್ತಿಕೊಂಡು, ತೆರೆಯದೆ ಕೂತಿದ್ದಳು.