ಗುಲಾಬಿ ಬೆಳಕಿನ ಹಕ್ಕರಕಿ

ನಾಸಿಕ್‌ನಲ್ಲಿ ನಮ್ಮದು ನೆಲಮಹಡಿಯ ಮನೆ. ಎದುರಿಗೆ ಎತ್ತರದ ಕಟ್ಟಡವೊಂದು ಎದ್ದ ಮೇಲೆ ಒಳಗೆ ಬಿಸಿಲು ಬರುವುದೇ ನಿಂತುಹೋಯಿತು. ಕಿಟಕಿಯಲ್ಲಿಟ್ಟ ತುಳಸಿ ಸೊರಗಿತು, ಕೊತ್ತಂಬರಿ ಬಿಳಿಚಿಕೊಂಡಿತು. ಅಂಥ ಮನೆಯಲ್ಲಿ ನಾನು ಹಕ್ಕರಕಿ ಬೆಳೆಯಲು ಹೊರಟೆ.

ಹಕ್ಕರಕಿ ಎಂದರೆ ಕಲಬುರಗಿ ಕಡೆಯ ನಮಗೆ ಪ್ರಾಣ. ಹೊಲದಲ್ಲಿ ತಾನಾಗಿಯೇ ಹುಟ್ಟಿ ನೆಲಕ್ಕೆ ಅಂಟಿಕೊಂಡು ಹರಡುವ ಸೊಪ್ಪು ಅದು. ತೊಳೆದು, ಹಸಿಯದನ್ನೇ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಎಣ್ಣೆಯ ಜೊತೆ ತಿನ್ನಬೇಕು. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ಸಂತೆಯಲ್ಲಿ ಎಷ್ಟು ಹುಡುಕಿದರೂ ನನಗದು ಸಿಕ್ಕಿರಲಿಲ್ಲ. ಛತ್ರಪತಿ ಸಂಭಾಜಿನಗರದಲ್ಲಿರುವ ನನ್ನ ಅಕ್ಕನಿಗೂ ಅದೇ ಕೊರಗು. ಫೋನಿನಲ್ಲಿ ಯಾವ ಮಾತು ಶುರುವಾದರೂ ನಾವಿಬ್ಬರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಹಕ್ಕರಕಿಗೇ.

ಹೋದ ಚಳಿಗಾಲದಲ್ಲಿ ತವರಿಗೆ ಹೋದಾಗ ಹೊಲದ ಬದುವಿನ ಮೇಲೆ ಅದರ ಹೂಗಳು ಒಣಗಿ, ಹತ್ತಿಯಂಥ ಬೀಜಗಳು ಗಾಳಿಗೆ ಹಾರುತ್ತಿದ್ದವು. ಸೊಸೆಯನ್ನು ಮನೆಗೆ ತಂದುಕೊಂಡ ಹೆಂಗಸು ನಾನೆಂಬುದನ್ನು ಮರೆತು, ಸೆರಗು ಸಿಕ್ಕಿಸಿಕೊಂಡು, ಅವುಗಳ ಹಿಂದೆ ಓಡಿ ಓಡಿ ಕರವಸ್ತ್ರದಲ್ಲಿ ಹಿಡಿದು ತಂದೆ. ಬಿಸಿಲಿನ ಪ್ರಶ್ನೆಗೆ ಉತ್ತರ ಹುಡುಕಿದವರು ನಮ್ಮ ಯಜಮಾನರು. ಗಿಡಗಳಿಗೆಂದೇ ಮಾಡಿದ ಎಲ್‌ಇಡಿ ದೀಪ ಸಿಗುತ್ತದೆಂದು ಮೊಬೈಲಿನಲ್ಲಿ ನೋಡಿ ತರಿಸಿದರು. ಸಣ್ಣ ಸಣ್ಣ ಕೆಂಪು ಮತ್ತು ನೀಲಿ ಬಲ್ಬುಗಳ ಒಂದು ಪಟ್ಟಿ. ಹಚ್ಚಿದರೆ ಅಡುಗೆಮನೆಯೆಲ್ಲ ಗುಲಾಬಿ! ಹಿಟ್ಟು ಗುಲಾಬಿ, ಕುಕ್ಕರು ಗುಲಾಬಿ, ನಮ್ಮ ಯಜಮಾನರ ಬಿಳಿ ಮೀಸೆಯೂ ಗುಲಾಬಿ. ನಾನು ಅವರ ಮುಖ ನೋಡಿ ನಗುತ್ತಾ ಕೆಳಗೇ ಕುಳಿತುಬಿಟ್ಟೆ.

ಅಕ್ಕನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ.

"ಬಲ್ಬಿನ ಬೆಳಕಿಗೆ ಪಲ್ಯಾ ಬೆಳೀತದೇನ? ಹುಚ್ಚು ಹಿಡದದ ನಿನಗ," ಎಂದಳು. "ನಿನ್ನ ಗಂಡಗೂ ಹಿಡಿಸಿದಿ."

ಅಕ್ಕಪಕ್ಕದವರು ಆ ಬೆಳಕಿಗೆ ಬೇರೆಯೇ ಅರ್ಥ ಕಟ್ಟಿರಬೇಕು. ಒಂದು ಸಂಜೆ ಬಾಗಿಲ ಗಂಟೆ ಸದ್ದಾಯಿತು. ಹೊರಗೊಬ್ಬಳು ಚೆಂದದ ಹುಡುಗಿ.

"ಕಾಕೂ, ಪಾರ್ಲರ್ ಇಥೇಚ್ ನಾ?" ಎಂದು ಮರಾಠಿಯಲ್ಲಿ ಕೇಳಿದಳು. ಬ್ಯೂಟಿ ಪಾರ್ಲರ್ ಇದೇ ತಾನೆ ಎಂದು! ಕಿಟಕಿಯ ಗುಲಾಬಿ ಬೆಳಕು ನೋಡಿ ಹುಬ್ಬು ತಿದ್ದಿಸಿಕೊಳ್ಳಲು ಬಂದಿದ್ದಳು. ಕೈಹಿಡಿದು ಒಳಗೆ ಕರೆದೊಯ್ದು ಮಣ್ಣಿನ ಟ್ರೇ ತೋರಿಸಿದೆ. ಅವಳು ಟ್ರೇ ನೋಡಿದಳು, ನನ್ನ ಹುಬ್ಬು ನೋಡಿದಳು, ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಚಹಾ ಕುಡಿದೇ ಹೋದಳು.

ಮೊಳಕೆ ಬಂದ ದಿನ ನಾನು ಕುಣಿಯುವುದೊಂದು ಬಾಕಿ. ಆದರೆ ಸಸಿಗಳು ಎಲೆ ಬಿಡುವುದನ್ನು ಬಿಟ್ಟು ದಾರದ ಹಾಗೆ ಉದ್ದುದ್ದ ಬೆಳೆದು ಅಡ್ಡ ಬಿದ್ದವು. ದೀಪವನ್ನು ತೀರ ಮೇಲೆ ಕಟ್ಟಿದ್ದೆವು. ಪಾಪ, ಬೆಳಕಿಗಾಗಿ ಕತ್ತು ಚಾಚಿ ಚಾಚಿ ಸೋತಿದ್ದವು. ನನ್ನ ಲಂಗದ ಲಾಡಿಯಿಂದ ದೀಪವನ್ನು ಕೆಳಗಿಳಿಸಿ ಕಟ್ಟಿ, ಉಳಿದ ಬೀಜ ಬಿತ್ತಿದೆವು. ಗಿಡಗಳಿಗೂ ಕತ್ತಲು ಬೇಕೆಂದು ಓದಿಕೊಂಡ ಯಜಮಾನರು ದಿನಾ ಮಲಗುವ ಮುಂಚೆ ತಾವೇ ದೀಪ ಆರಿಸತೊಡಗಿದರು. ಒಮ್ಮೆ ಬಾಗಿಲ ಹಿಂದಿನಿಂದ ಕೇಳಿಸಿಕೊಂಡೆ.

"ಸಾಕಿನ್ನ, ಮಕ್ಕೋರಿ ಎಲ್ಲಾರೂ," ಎಂದು ಸಸಿಗಳಿಗೆ ಮಲಗಲು ಹೇಳುತ್ತಿದ್ದರು.

ನನಗೆ ಎಂದೂ ಅಷ್ಟು ಮರ್ಯಾದೆಯಿಂದ ಹೇಳಿದವರಲ್ಲ!

ಈ ಸಲ ಎಲೆಗಳು ಅಗಲವಾಗಿ ಬಂದವು, ಅಂಚಿಗೆ ಹಲ್ಲು ಹಲ್ಲು, ಮುರಿದರೆ ಹಾಲು. ಅದೇ ಹಕ್ಕರಕಿ. ನಾವು ಒಂದೆಲೆಯನ್ನೂ ಬಾಯಿಗಿಡಲಿಲ್ಲ. ನನ್ನ ಮೊದಲ ತುತ್ತು ಅಕ್ಕನ ಜೊತೆಗೇ ಎಂದು ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಸಂಭಾಜಿನಗರದ ಬಸ್ಸು ಹತ್ತಿದೆ. ದಾರಿಯಲ್ಲಿ ಸಿಗುವ ಯೇವಲಾದಲ್ಲಿ ಮದುವೆಗೆ ಹೊರಟ ಹೆಂಗಸರು ಪೈಠಣಿ ಸೀರೆಗಳಲ್ಲಿ ಸರಬರ ಸದ್ದು ಮಾಡುತ್ತ ಹತ್ತಿದರು. ಅವರಲ್ಲೊಬ್ಬಾಕೆ ಇದ್ಯಾವ ಹೂವಿನ ಗಿಡವೆಂದು ಕೇಳಿದಳು. ತಿನ್ನುವ ಸೊಪ್ಪು ಎಂದು ಒಂದು ತುಣುಕು ಕೊಟ್ಟೆ. ಅಗಿದವಳೇ "ಅಗಬಾಯಿ, ಕಡೂ!" ಎಂದು ಮುಖ ಹಿಂಡಿದಳು. ಕಹಿಯಂತೆ! ಒಳ್ಳೆಯದೇ ಆಯಿತು, ಆಮೇಲೆ ಯಾರೂ ಕೇಳಲಿಲ್ಲ.

ಬಾಗಿಲು ತೆರೆದ ಅಕ್ಕ ನನ್ನನ್ನು ಒಳಗೆ ಬಾ ಎನ್ನಲೂ ಇಲ್ಲ. ಟ್ರೇ ಕಸಿದುಕೊಂಡು, ಒಂದು ಎಲೆ ಹರಿದು, ತೊಳೆಯದೆ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು.

"ಯವ್ವಾ! ಖರೇನೇ ಹಕ್ಕರಕಿ ಅದಲ್ಲೇ!" ಎಂದು ಕೂಗಿದಳು.

ಮಂಡಿ ನೋವೆಂದು ಮೆಟ್ಟಿಲು ಹತ್ತದ ನನ್ನ ಅಕ್ಕ ನನ್ನ ಎರಡೂ ಕೈ ಹಿಡಿದು ನಡುಮನೆಯಲ್ಲಿ ಗಿರಗಿರ ತಿರುಗಿಸಿದಳು. ತಲೆ ಸುತ್ತಿ ಇಬ್ಬರೂ ದಿವಾನದ ಮೇಲೆ ಬಿದ್ದೆವು. ಆಮೇಲೆ ಅವಳು ರೊಟ್ಟಿ ಬಡಿದಳು, ನಾನು ಬೇಯಿಸಿದೆ, ಹೊರಗಿನ ಎಲೆಗಳನ್ನೆಲ್ಲ ಕಿತ್ತು ತಿಂದು ಮುಗಿಸಿದೆವು. ನಡುವಿನ ಸಣ್ಣ ಸುಳಿಗಳನ್ನು ಮಾತ್ರ ಮತ್ತೆ ಚಿಗುರಲೆಂದು ಬಿಟ್ಟೆವು.

ಮಾರನೆಯ ದಿನ ಅಕ್ಕ ಮಂಡಿ ನೋವನ್ನೂ ಮರೆತು ಮೆಟ್ಟಿಲು ಹತ್ತಿ ಟ್ರೇಯನ್ನು ಮಾಳಿಗೆಯ ಬಿಸಿಲಿಗಿಟ್ಟಳು. ಹುಟ್ಟಿದಾಗಿನಿಂದ ನಿಜವಾದ ಸೂರ್ಯನನ್ನು ನೋಡದ ಗಿಡಗಳು ಅರೆಗಳಿಗೆಯಲ್ಲಿ ಬಾಡಿ ಮಲಗಿದವು.

"ಛತ್ರಿ ತಾ! ಲಗೂನ ತಾ!" ಎಂದು ಅಕ್ಕ ಚೀರಿದಳು.

ಓಡಿಹೋಗಿ ತಂದೆ. ಅಕ್ಕ ಛತ್ರಿ ಹಿಡಿದಳು, ನಾನು ನೀರು ಚಿಮುಕಿಸಿದೆ. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಚಾದರ ಕೈಯಲ್ಲಿ ಹಿಡಿದುಕೊಂಡು ಬಾಯಿ ಬಿಟ್ಟು ನಮ್ಮನ್ನೇ ನೋಡುತ್ತಿದ್ದಳು. ಏನು ನಡೆದಿದೆ ಎಂದು ಅವಳು ಕೇಳಿದಳು. ಅಕ್ಕ ಹೇಳಲು ಬಾಯಿ ತೆರೆದಳು. ನಗು ತಡೆಯಲಾಗದೆ ಛತ್ರಿಯೇ ಅಲುಗಾಡತೊಡಗಿತು.

"ನಗಬ್ಯಾಡ, ಬಿಸಲ ಬೀಳ್ತದ ಅವಕ್ಕ," ಎಂದು ನಾನು ಗದರಿದೆ. ಗದರುತ್ತಲೇ ನಾನೂ ನಕ್ಕುಬಿಟ್ಟೆ.

ಕೊನೆಗೆ ಟ್ರೇಯನ್ನು ನೀರಿನ ಟ್ಯಾಂಕಿನ ನೆರಳಿಗೆ ಸರಿಸಿದೆವು. ಸಂಜೆಯ ಹೊತ್ತಿಗೆ ಸುಳಿಗಳು ಒಂದೊಂದಾಗಿ ತಲೆ ಎತ್ತಿದವು. ಅಕ್ಕ ಪ್ರತಿಯೊಂದನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿ, ಈ ಟ್ರೇ ಇನ್ನು ನಾಸಿಕ್‌ಗೆ ವಾಪಸು ಹೋಗುವುದಿಲ್ಲ ಎಂದು ನನಗೆ ಅಲ್ಲೇ ತಿಳಿಸಿಬಿಟ್ಟಳು.