ಅವ್ವನೂ ದುರ್ಬೀನೂ

ಮುದ್ದೇಬಿಹಾಳದಲ್ಲಿ ನನ್ನದೊಂದು ಚಷ್ಮಾದ ಅಂಗಡಿ ಇದೆ. ಕಣ್ಣು ಮಂಜಾದವರಿಗೂ ಕಾಣಲಿ ಅಂತ ಬೋರ್ಡನ್ನು ಬೇಕೆಂದೇ ದೊಡ್ಡದಾಗಿ ಬರೆಸಿದ್ದೇನೆ. ಬಸವನ ಬಾಗೇವಾಡಿಯಿಂದ, ದೇವರ ಹಿಪ್ಪರಗಿಯಿಂದ, ಒಮ್ಮೊಮ್ಮೆ ಸಿಂದಗಿಯಿಂದಲೂ ಗಿರಾಕಿಗಳು ಬರುತ್ತಾರೆ. ಇಷ್ಟು ವರ್ಷಗಳಲ್ಲಿ ನನ್ನ ಪರೀಕ್ಷೆಯ ಕುರ್ಚಿಯಲ್ಲಿ ಕೂರಲು ಸುತರಾಂ ಒಪ್ಪದವಳು ಒಬ್ಬಳೇ, ನಮ್ಮವ್ವ.

"ನೀ ಚಷ್ಮಾ ಮಾರಾಂವ. ನಿನಗ ಊರಾಗಿನ ಎಲ್ಲಾರ ಕಣ್ಣೂ ಕೆಟ್ಟಾವ," ಎನ್ನುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಅವಳ ಜಂಬಕ್ಕೆ ಕಾರಣವೂ ಇತ್ತು. ನಮ್ಮ ಓಣಿಯಲ್ಲಿ ರಂಜಾನ್ ಹಬ್ಬದ ಚಂದ್ರನನ್ನು ಎಲ್ಲರಿಗಿಂತ ಮೊದಲು ಕಾಣುತ್ತಿದ್ದವಳು ಅವಳೇ. ಇಪ್ಪತ್ತೊಂಬತ್ತನೇ ದಿನದ ರೋಜಾ ಉಪವಾಸ ಬಿಟ್ಟ ಸಂಜೆ ಓಣಿಯವರೆಲ್ಲ ನಮ್ಮ ಮಾಳಿಗೆ ಹತ್ತುತ್ತಾರೆ. ಚಂದ್ರ ಅಂದರೆ ಉಗುರು ಕತ್ತರಿಸಿ ಎಸೆದಷ್ಟು ತೆಳು, ನೋಡು ನೋಡುತ್ತಿದ್ದಂತೆ ಮುಳುಗಿಬಿಡುತ್ತದೆ. ನಾವು ಪಡುವಣ ದಿಕ್ಕು ತಡಕಾಡುವಷ್ಟರಲ್ಲಿ ಅವ್ವನ ಬೆರಳು ಎದ್ದಿರುತ್ತಿತ್ತು. ಅವಳು "ಆತು" ಅಂದರೆ ಮುಗಿಯಿತು, ಮಸೀದಿಯಿಂದ ಸುದ್ದಿ ಬರುವ ಮೊದಲೇ ಓಣಿಯ ಅಡುಗೆಮನೆಗಳಲ್ಲಿ ಶಾವಿಗೆಯ ಡಬ್ಬಿಗಳು ಕೆಳಗಿಳಿಯುತ್ತಿದ್ದವು.

ಎರಡು ವರ್ಷದಿಂದ ಮಾತ್ರ ಲೆಕ್ಕ ತಪ್ಪಿತ್ತು. ಮಕ್ಕಳು ಮೊದಲು ಕೂಗುತ್ತಿದ್ದವು, ಅವ್ವ ಆಮೇಲೆ "ಹೂಂ, ಅದ ನೋಡು" ಎನ್ನುತ್ತಿದ್ದಳು. ಕಳೆದ ವರ್ಷವಂತೂ ಮಕ್ಕಳ ಬೆರಳೆಲ್ಲ ಚಂದ್ರನ ಕಡೆ, ಅವಳ ಬೆರಳು ನೀರಿನ ಟಾಕಿಯ ಕಡೆ. ಕಣ್ಣಿಗೆ ಪೊರೆ ಬಂದಿದೆ ಎಂದು ನನಗೆ ಕುರ್ಚಿಯಿಲ್ಲದೆಯೇ ಗೊತ್ತಾಯಿತು. ಸುಳ್ಳು ಸಾಕ್ಷಿಯೆಂದರೆ ಬೆಂಕಿ ಕಂಡಂತೆ ದೂರ ಸರಿಯುವ ಹೆಂಗಸು ಅವಳು. ಅಂಥವಳು ಕಾಣದ ಚಂದ್ರನನ್ನು ಕಂಡೆ ಎನ್ನುತ್ತಿದ್ದಾಳಲ್ಲ ಅಂತ ನನಗೆ ಸಂಕಟವಾಯಿತು. ಮುಂದಿನ ರಂಜಾನಿನ ಒಳಗೆ ಅವಳ ಕಣ್ಣು ಡಾಕ್ಟರಿಗೆ ತೋರಿಸಲೇಬೇಕು ಎಂದು ನಾನು, ತೋರಿಸಕೂಡದು ಎಂದು ಅವಳು. ಹಟದಲ್ಲಿ ನಾನು ಅವಳ ಮಗನೇ.

ಹೀಗಿರುವಾಗ ಪುಣೆಯಲ್ಲಿ ಚಷ್ಮಾ ವ್ಯಾಪಾರದವರ ದೊಡ್ಡ ಪ್ರದರ್ಶನ ಬಂತು. ಅಲ್ಲಿ ಅವ್ವನ ತಂಗಿ ಇದ್ದಾಳೆ. "ನಾನೂ ಬರ್ತೇನಿ," ಎಂದು ಅವ್ವ ಚೀಲ ತುಂಬಿದಳು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ತಂಗಿಗೆಂದು ಇಂಡಿ ಊರಿನ ಲಿಂಬೆಹಣ್ಣು. ಪುಣೆ ಮುಟ್ಟುವವರೆಗೂ ಬಸ್ಸಿನಲ್ಲಿ ಲಿಂಬೆಯ ವಾಸನೆ.

ಪ್ರದರ್ಶನದಲ್ಲಿ ಫ್ರೇಮುಗಳನ್ನು ನೋಡಿ ನೋಡಿ ನನಗೇ ಕಣ್ಣುರಿ ಬಂತು. ಆಗ ಮೂಲೆಯಲ್ಲೊಂದು ದುರ್ಬೀನಿನ ಮಳಿಗೆ ಕಂಡಿತು. ನಾನು ಮಿಠಾಯಿ ಅಂಗಡಿ ಹೊಕ್ಕ ಕೂಸಿನಂತಾದೆ. ಅಂಗೈಯಲ್ಲಿ ಮುಚ್ಚಿಡಬಹುದಾದ ದುರ್ಬೀನು, ಮಳೆಯಲ್ಲಿ ನೆನೆದರೂ ಒಳಗೆ ಮಂಜು ಕಟ್ಟದ ದುರ್ಬೀನು, ಗುಂಡಿ ಒತ್ತಿದರೆ ಕೈ ನಡುಗಿದರೂ ಚಿತ್ರ ನಡುಗದ ದುರ್ಬೀನು. ಒಂದಂತೂ ಹಕ್ಕಿಯನ್ನು ನೋಡಿದೊಡನೆ ಅದರ ಹೆಸರನ್ನೇ ಹೇಳುತ್ತದಂತೆ. ಮಳಿಗೆಯವನು ಸೊಲ್ಲಾಪುರದ ಕಡೆಯವ, ಟೈ ಕಟ್ಟಿದ್ದರೂ ಮಾತು ನಮ್ಮದೇ.

"ಜ್ವಾಳದ ಹೊಲಕ್ಕ ಬಂದ ಹಕ್ಕಿ ಹೆಸರ ತಗೊಂಡು ಏನ ಮಾಡೂದು?" ಎಂದು ಅವ್ವ ಅವನನ್ನು ಕೇಳಿದಳು. "ಹೊಡದ ಓಡಸೂದಷ್ಟ."

"ಖರೇ ಐತ್ರಿ ಅಮ್ಮಾ," ಎಂದ ಅವನು, "ಆದ್ರ ಇದನ್ನ ನೋಡ್ರಿ" ಎನ್ನುತ್ತ ಸ್ಪಾಟಿಂಗ್ ಸ್ಕೋಪಿನ ಹತ್ತಿರ ಕರೆದೊಯ್ದ. ಅದು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂತ ಉದ್ದನೆಯ ಒಕ್ಕಣ್ಣ. ಗಾಜಿನ ಗೋಡೆಯಾಚೆ, ದೂರದ ಗುಡ್ಡದ ಕಡೆ ಮುಖ ಮಾಡಿತ್ತು. ನಾನು ಕಣ್ಣಿಟ್ಟೆ. ಗುಡ್ಡದ ಮೇಲೊಂದು ಮರ, ಮರದ ಮೇಲೊಂದು ಕಾಗೆ, ಕಾಗೆಯ ಬಾಯಲ್ಲೊಂದು ಕಡ್ಡಿ. ಇಷ್ಟನ್ನೂ ನಾನು ಕ್ರಿಕೆಟ್ ಕಾಮೆಂಟರಿಯಂತೆ ಜೋರಾಗಿ ಹೇಳಿದೆ. ಅಷ್ಟರಲ್ಲಿ ಬೇರೆ ಗಿರಾಕಿಗಳು ಬಂದರೆಂದು ಮಳಿಗೆಯವನು ಅತ್ತ ಹೋದ.

"ಅವ್ವಾ, ನೀನೂ ನೋಡು," ಎಂದೆ.

ಅವ್ವ ಸೆರಗು ಸರಿಮಾಡಿಕೊಂಡು ಬಗ್ಗಿದಳು. ಬಹಳ ಹೊತ್ತು ನೋಡಿದಳು.

"ಏನ ಕಾಣಸ್ತೈತಿ?"

"ಛಲೋ ಕಾಣಸ್ತೈತಿ," ಎಂದಳು ತಲೆಯೆತ್ತದೆ. "ಗುಡ್ಡಾ, ಗಿಡಾ, ಕಾಗಿ. ಎಲ್ಲಾ."

ಮಳಿಗೆಯವನು ಮರಳಿ ಬಂದು ಅವಳ ಹಿಂದಿನಿಂದ ಸ್ಕೋಪಿನ ತುದಿ ತೋರಿಸಿ ನನಗೆ ಸನ್ನೆ ಮಾಡಿದ. ಹೋಗುವಾಗ ಸ್ಕೋಪಿನ ಮುಂದಿನ ಗಾಜಿಗೆ ಅವನೇ ಕರಿ ಮುಚ್ಚಳ ಹಾಕಿ ಹೋಗಿದ್ದ. ಅವ್ವ ಇಷ್ಟು ಹೊತ್ತು ನೋಡಿದ್ದು ಮುಚ್ಚಳದ ಬೆನ್ನನ್ನು. ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಕಣ್ಣು ಹೊಡೆದು ಸುಮ್ಮನಾಗಿಸಿದೆ. ನಾಲ್ಕು ಜನರ ಮುಂದೆ ಅವ್ವನ ಮರ್ಯಾದೆ ಯಾಕೆ ತೆಗೆಯಬೇಕು. ಒಂದು ಸಣ್ಣ ದುರ್ಬೀನು ಕೊಂಡು, ಅವಳನ್ನು ಚಹಾದ ಕಡೆ ನಡೆಸಿಕೊಂಡು ಹೋದೆ. ಒಳಗೊಳಗೇ ನಗು. ನೋಡದ ಕಾಗೆಯನ್ನು ನೋಡಿದೆ ಎನ್ನುವವಳು ಕಾಣದ ಚಂದ್ರನನ್ನು ಬಿಟ್ಟಾಳೆಯೇ ಅಂದುಕೊಂಡೆ.

ಊರಿಗೆ ಬಂದ ಮೇಲೆ ಅವ್ವ ಬದಲಾದಳು. ಒಲೆಯ ಮುಂದಿನ ಯಜಮಾನಿಕೆಯನ್ನು ಕೇಳದೆಯೇ ನನ್ನ ಹೆಂಡತಿಗೆ ಬಿಟ್ಟಳು. ಅಕ್ಕಿ ಆರಿಸಲು ಕರೆದರೆ "ನೀನ ಮಾಡವಾ" ಎಂದಳು. ತಸಬಿಯ ಮಣಿ ಎಣಿಸುತ್ತ ಗೋಡೆಗೆ ಒರಗಿ ಕೂರುತ್ತಿದ್ದಳು. ಡಾಕ್ಟರ ಮಾತೆತ್ತಿದರೆ ಮೊದಲಿನ ಹಾಗೆ ಜಗಳಕ್ಕೂ ಬರಲಿಲ್ಲ. "ಬ್ಯಾಡ ಬಿಡಪಾ, ಏನ ಉಪಯೋಗ," ಎಂದಷ್ಟೇ ಹೇಳಿ ಮುಖ ತಿರುಗಿಸುತ್ತಿದ್ದಳು. ರಂಜಾನ್ ಬಂತು, ಉಪವಾಸಕ್ಕೆ ಸುಸ್ತಾಗಿದ್ದಾಳೆ ಅಂತ ನಾವು ತಿಳಿದೆವು.

ಚಂದ್ರ ನೋಡುವ ಸಂಜೆ ಮಾಳಿಗೆ ತುಂಬಿತು. ನಾನು ಹೊಸ ದುರ್ಬೀನು ಕೊರಳಿಗೆ ಹಾಕಿಕೊಂಡು ಮದುಮಗನಂತೆ ಓಡಾಡುತ್ತಿದ್ದೆ. ಎಲ್ಲರೂ ಒಂದೊಂದು ಸಲ ಇಸಿದುಕೊಂಡು ನೋಡಿದರು. ಅವ್ವ ಮಾತ್ರ ಕಟ್ಟೆಯ ಮೂಲೆಯಲ್ಲಿ, ಪಡುವಣಕ್ಕೆ ಬೆನ್ನು ಹಾಕಿ ಕೂತಿದ್ದಳು. ಹೋಗಿ ದುರ್ಬೀನನ್ನು ಅವಳ ಕೈಯಲ್ಲಿಟ್ಟೆ. ಅವಳು ಅದನ್ನು ನನ್ನ ಎದೆಗೇ ತಳ್ಳಿದಳು.

"ಬ್ಯಾಡೋ ತಮ್ಮಾ," ಎಂದಳು, ನನಗೊಬ್ಬನಿಗೇ ಕೇಳುವಂತೆ. "ಪುಣೆದಾಗ ನೋಡಿದ್ನಲ್ಲ. ನೀ ಕಾಗಿ ಬಾಯಾಗಿನ ಕಡ್ಡಿ ಹೇಳಾಕತ್ತಿದ್ದಿ, ನನಗ ಬರೇ ಕತ್ತಲ. ಅಷ್ಟ ದೊಡ್ಡ ಮಷೀನಿನಾಗ ಒಂದ ಹನಿ ಬೆಳಕ ಕಾಣಲಿಲ್ಲ. ನನ್ನ ದೃಷ್ಟಿ ಮುಗೀತು ಅಂತ ಅವತ್ತ ಗೊತ್ತಾತು. ನಿನಗ ಯಾಕ ಹೇಳಿ ಅಳಸೂದು ಅಂತ ಸುಮ್ಮನಿದ್ದೆ."

ಅವಳ ಮಾನ ಉಳಿಸಿದೆ ಅಂತ ನಾನು ಬೆನ್ನು ತಟ್ಟಿಕೊಂಡಿದ್ದ ಅಷ್ಟೂ ದಿನ ಅವಳು ಕುರುಡಾಗುವುದಕ್ಕೆ ತಯಾರಿ ನಡೆಸಿದ್ದಳು.

"ಅವ್ವಾ, ಅವತ್ತ ಅದಕ್ಕ ಮುಚ್ಚಳಾ ಹಾಕಿತ್ತು," ಎಂದೆ.

"ಏನು?"

"ಮುಂದಿನ ಗಾಜಿಗಿ ಮುಚ್ಚಳಾ ಇತ್ತು. ಯಾರ ನೋಡಿದ್ರೂ ಕತ್ತಲನ. ನಾ ನಿನಗ ಹೇಳಲಿಲ್ಲ."

ಅವ್ವ ನನ್ನನ್ನೇ ದಿಟ್ಟಿಸಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ದುರ್ಬೀನನ್ನು ಕಸಿದುಕೊಂಡು ಪಡುವಣಕ್ಕೆ ತಿರುಗಿ ಕಣ್ಣಿಗೆ ಒತ್ತಿದಳು. ಕೈ ನಡುಗುತ್ತಿತ್ತು. ಗುಂಡಿ ಒತ್ತಿದರೆ ನಡುಕ ನಿಲ್ಲುವ ದುರ್ಬೀನನ್ನೇ ತರಬೇಕಿತ್ತು ಅನ್ನಿಸಿತು.

"ಬೂದಿ ಬಳದ್ಹಂಗ ಐತಿ," ಎಂದಳು. ಸ್ವಲ್ಪ ತಡೆದು, "ಆದ್ರ ಕತ್ತಲ ಇಲ್ಲ. ಬೆಳಕ ಐತಿ," ಎಂದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಚಂದ್ರ ಕಂಡಿತೆಂದು ಕೂಗಿದಳು. ಎಂದಿನಂತೆ ಎಲ್ಲರೂ ಅವ್ವನ ಕಡೆ ತಿರುಗಿದರು. "ಖಾಲಾ, ಆತೇನ್ರಿ?" ಎಂದು ಆ ಹುಡುಗಿಯ ತಾಯಿ ಕೇಳಿದಳು.

ಅವ್ವ ದುರ್ಬೀನು ಇಳಿಸಿದಳು. "ನನಗ ಕಾಣವಲ್ದವಾ," ಎಂದಳು, ಇಡೀ ಮಾಳಿಗೆಗೆ ಕೇಳುವಂತೆ. "ಎರಡ ವರ್ಷಾತು, ನಾ ಸುಳ್ಳ ಹೇಳಾಕತ್ತಿದ್ದೆ. ನಿನ್ನ ಮಗಳ ಕಂಡಾಳಂದ್ರ ಆತು. ಶಾವಿಗಿ ತಗೀರಿ."

ಆ ಹುಡುಗಿ ಬಂದು ಅವ್ವನ ಕೈಹಿಡಿದು ಸಲಾಂ ಹೇಳಿದಳು.

ಹಬ್ಬ ಮುಗಿದ ಮರುದಿನ ನಾನು ಅಂಗಡಿ ತೆರೆದು ಕಸ ಹೊಡೆಯುತ್ತಿದ್ದೆ. ಅವ್ವ ಹೊಸ ಸೀರೆಯಲ್ಲೇ ಆಟೋದಿಂದ ಇಳಿದು, ಗಿರಾಕಿಯಂತೆ ಒಳಗೆ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತಳು. ಪೊರೆ ಎಷ್ಟಿದೆ ನೋಡಲೆಂದು ನಾನು ಬ್ಯಾಟರಿ ಹಿಡಿದು ಹತ್ತಿರ ಹೋದೆ.

"ತಡಿ," ಎಂದಳು. "ಮೊದಲ ಮುಚ್ಚಳಾ ತಗದೀಯಿಲ್ಲೋ ನೋಡಕೋ."