ಅಪ್ಪನ ಹೆಲ್ಮೆಟ್ಟಿನ ಆಯುಧಪೂಜೆ

ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಬಾಲ್ಕನಿಯಲ್ಲಿ ತೂಗುಹಾಕಿದ್ದ ನನ್ನ ಹೆಲ್ಮೆಟ್ಟಿನೊಳಗೆ ಹುಲ್ಲುಕಡ್ಡಿಗಳು ಪತ್ತೆಯಾಗಿವೆ!

ನನ್ನ ಚಿಕ್ಕಂದಿನಲ್ಲಿ ಪೀಣ್ಯದ ನಮ್ಮ ಬಾಡಿಗೆಮನೆಯಲ್ಲೂ ಹೀಗೇ ಆಗಿತ್ತು. ಮೊಳೆಗೆ ನೇತುಹಾಕಿದ್ದ, ಗ್ರೀಸ್ ವಾಸನೆಯ ಅಪ್ಪನ ಹೆಲ್ಮೆಟ್ಟಿನಲ್ಲಿ ಗುಬ್ಬಿಯೊಂದು ಮರಿ ಮಾಡಿತ್ತು. ಅಪ್ಪ ಸ್ಕೂಟರ್ ಬಿಟ್ಟು ಫ್ಯಾಕ್ಟರಿಗೆ ನಡೆದೇ ಹೋಗತೊಡಗಿದರು. ಅಷ್ಟರಲ್ಲಿ ಆಯುಧಪೂಜೆ ಬಂತು.

"ರೀ, ಅದನ್ನ ಇಳಿಸ್ರೀ, ತೊಳೀಬೇಕು," ಅಮ್ಮ ಬಕೆಟ್ ಹಿಡಿದು ನಿಂತಳು.

"ಮರಿ ಇನ್ನೂ ಕಣ್ಣೇ ಬಿಟ್ಟಿಲ್ಲ ಕಣೇ."

ಅಪ್ಪ ಸ್ಟೂಲ್ ಹತ್ತಿ, ಉಸಿರು ಬಿಗಿಹಿಡಿದು, ಧೂಳು ತುಂಬಿದ ಹೆಲ್ಮೆಟ್ಟಿಗೆ ಕುಂಕುಮದ ಬೊಟ್ಟಿಟ್ಟರು.

"ಪೂಜೆ ಹೆಲ್ಮೆಟ್ಟಿಗೋ, ಗುಬ್ಬಿಗೋ?" ಅಮ್ಮ ಕೇಳಿದಳು.

"ಒಳಗಡೆ ಯಾರಿದಾರೋ ಅವ್ರಿಗೆ!"

ಆಮೇಲೆ ಮರಿಗಳೆಲ್ಲ ಹಾರಿದವು. ಅಪ್ಪ ಮತ್ತೆ ಸ್ಕೂಟರ್ ಹತ್ತಿದರು.

ಇವತ್ತು ನಾನೂ ನನ್ನ ಹೆಲ್ಮೆಟ್ಟಿಗೆ ಕುಂಕುಮವಿಟ್ಟೆ. ಸಿಂಗಸಂದ್ರದಿಂದ ಸರ್ಜಾಪುರದ ಕಡೆಗೆ ಕಾರಿನಲ್ಲಿ ಹೋಗುವವರಿದ್ದರೆ, ಮರಿಗಳು ಹಾರುವ ತನಕ ದಯವಿಟ್ಟು ನನಗೊಂದು ಡ್ರಾಪ್ ಕೊಡಿ.